ನೀವೇ ನೋಡಿ ಕೊಡಿ

(ದಾವಣಗೆರೆಯಲ್ಲಿ ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ತಂದೆ ಅಕ್ಕಿ ಅಳೆಯುವಾಗ ‘ಒಂದು’ ಎನ್ನುತ್ತಿರಲಿಲ್ಲ. ಮೊದಲನೆಯ ಸೇರನ್ನು ಗಿರಾಕಿಯ ಚೀಲಕ್ಕೆ ಸುರಿಯುತ್ತ ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು. ಇಲ್ಲಿರುವ ಹಿರಿಯರಿಗೆ ಇದು ನೆನಪಿರಬೇಕು, ಕೆಲವರು ತಲೆಯಾಡಿಸುತ್ತಿದ್ದೀರಿ. ಎಣಿಕೆ ಲಾಭದಿಂದಲೇ ಶುರುವಾಗಲಿ ಎಂಬ ಶುಭಶಕುನ ಅದು. ಬೆಳಗಿನಿಂದ ರಾತ್ರಿಯವರೆಗೆ ಬೀದಿಗೆಲ್ಲ ಕೇಳುವಂತೆ ‘ಲಾಭ, ಲಾಭ’ ಎನ್ನುತ್ತಿದ್ದ ಅದೇ ಮನುಷ್ಯನನ್ನು ‘ಅಪ್ಪಾ, ಹೋದ ತಿಂಗಳು ನಮಗೆ ಲಾಭ ಎಷ್ಟಾಯಿತು?’ ಎಂದು ನಾನು ಕೇಳಿದ್ದು ಒಂದೇ ಸಲ. ಆಗ ಹೈಸ್ಕೂಲಿನಲ್ಲಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿದ್ದ ಅವರ ಕೈ ಹಾಗೆಯೇ ನಿಂತಿತು. ‘ಅದೆಲ್ಲ ನಿನಗೇಕೆ? ದೇವರ ದಯೆ, ನಡೆದುಕೊಂಡು ಹೋಗುತ್ತಿದೆ’ ಎಂದರು. ನನ್ನಿಂದ ಏನೋ ಬಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅವರಿಗೇ ಗೊತ್ತಿರಲಿಲ್ಲ ಎನ್ನುವುದು ನನಗೆ ತಿಳಿದದ್ದು ಅವರು ಹೋದ ಮೇಲೆ, ಅಂಗಡಿಯ ಪುಸ್ತಕಗಳು ನನ್ನ ಕೈಗೆ ಬಂದಾಗ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಮಂಡಿಪೇಟೆಯ ಒಂದು ಮಹಡಿ ಕೋಣೆಯಲ್ಲಿ ಕುಳಿತು ಮೂವತ್ತೊಂದು ವರ್ಷದಿಂದ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಕಿರಾಣಿಯವರು, ಮಂಡಕ್ಕಿ ಭಟ್ಟಿಯವರು, ಹಾರ್ಡ್‌ವೇರಿನವರು, ಬೇಕರಿಯವರು, ಗ್ಯಾರೇಜಿನವರು ಬರುತ್ತಾರೆ. ವರ್ಷದ ಕೊನೆಗೆ ಯಾವುದೋ ಬಟ್ಟೆ ಅಂಗಡಿಯ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಅದರಲ್ಲಿ ಸರಕಿನ ಬಿಲ್ಲು ಇರುತ್ತದೆ, ಔಷಧಿ ಅಂಗಡಿಯ ಚೀಟಿ ಇರುತ್ತದೆ, ಮಗಳ ಅಂಕಪಟ್ಟಿಯ ಜೆರಾಕ್ಸ್ ಇರುತ್ತದೆ, ಒಮ್ಮೊಮ್ಮೆ ಒಣಗಿದ ಎಲೆಯಡಿಕೆಯೂ ಇರುತ್ತದೆ. ಆ ಚೀಲವನ್ನು ನೋಡಿದರೆ ಸಾಕು, ಆ ವ್ಯಾಪಾರಿಗೂ ದುಡ್ಡಿಗೂ ಇರುವ ಸಂಬಂಧ ಎಂಥದ್ದು ಎಂದು ಅರ್ಧ ತಿಳಿಯುತ್ತದೆ.

ಸಣ್ಣ ಅಂಗಡಿ ಏಕೆ ಮುಚ್ಚುತ್ತದೆ ಎಂದು ಕೇಳಿದರೆ ಎಲ್ಲರ ಬಳಿಯೂ ಉತ್ತರವಿದೆ. ಸೂಪರ್ ಮಾರ್ಕೆಟ್ ಬಂತು, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಂದುಕೊಡುವವರು ಬಂದರು, ಬಾಡಿಗೆ ಏರಿತು, ಜಿಎಸ್‌ಟಿ ಬಂತು. ಯಾವುದೂ ಸುಳ್ಳಲ್ಲ. ಆದರೆ ಒಂದೇ ಬೀದಿ, ಒಂದೇ ಸರಕು, ಹೆಚ್ಚುಕಡಿಮೆ ಒಂದೇ ಬಾಡಿಗೆಯ ಎರಡು ಅಂಗಡಿಗಳಲ್ಲಿ ಒಂದು ಉಳಿದು ಇನ್ನೊಂದು ಮುಳುಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮುಳುಗಿದವನು ಸೋಮಾರಿಯಾಗಿರಲಿಲ್ಲ, ಮೋಸಗಾರನೂ ಆಗಿರಲಿಲ್ಲ. ದುಡ್ಡಿನ ಮಾತು ಬಂದಾಗ ಅವನ ನಾಲಗೆ ಏಳುತ್ತಿರಲಿಲ್ಲ. ನಾನು ಇವತ್ತು ಆಡಬೇಕೆಂದಿರುವುದು ಆ ಏಳದ ನಾಲಗೆಯ ಬಗ್ಗೆ.

ಅದರ ಒಂದು ಮಾತು ನಿಮಗೆಲ್ಲ ಗೊತ್ತು. ‘ಎಷ್ಟಾಯಿತು?’ ಎಂದು ಗಿರಾಕಿ ಕೇಳುತ್ತಾನೆ. ‘ಅಯ್ಯೋ, ನೀವೇ ನೋಡಿ ಕೊಡಿ’ ಎನ್ನುತ್ತೇವೆ. ಪ್ಲಂಬರ್ ಹೇಳುತ್ತಾನೆ, ಪುರೋಹಿತರು ಹೇಳುತ್ತಾರೆ, ಹೋಳಿಗೆ ಮಾಡಿಕೊಡುವ ಹೆಂಗಸು ಹೇಳುತ್ತಾಳೆ. ನಗಬೇಡಿ, ಈ ಉಪನ್ಯಾಸಕ್ಕೆ ಏನು ಕೊಡಬೇಕು ಎಂದು ನಿಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದಾಗ ನನ್ನ ಬಾಯಿಂದ ಬಂದದ್ದೂ ಅದೇ ಮಾತು. ಮೂವತ್ತೊಂದು ವರ್ಷ ಬೇರೆಯವರ ಲೆಕ್ಕ ಬರೆದ ಬಾಯಿ ಇದು.

ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಾಳೆ. ಕೈ ಬಹಳ ಚೊಕ್ಕ. ಶ್ರಾವಣ ಬಂದರೆ ರಾತ್ರಿ ಹನ್ನೆರಡರವರೆಗೂ ಅವಳ ಮಷಿನ್ನಿನ ಸದ್ದು ಕೇಳುತ್ತಿರುತ್ತದೆ. ಎರಡು ವರ್ಷದ ಹಿಂದೆ ಬಂದು, ‘ಅಣ್ಣಾ, ಇನ್ನೊಂದು ಮಷಿನ್ ತೆಗೆದುಕೊಳ್ಳಬೇಕು, ಸಾಲಕ್ಕೆ ಏನೇನು ಕಾಗದ ಬೇಕು ಹೇಳಿ’ ಎಂದಳು. ಸಾಲದ ಮಾತು ಆಮೇಲೆ, ಮೊದಲು ಲೆಕ್ಕ ನೋಡೋಣ ಎಂದು ಅವಳ ಜೊತೆ ಕುಳಿತೆ. ಲೈನಿಂಗ್ ಹಾಕಿದ ರವಿಕೆಗೆ ಆಗ ಅವಳು ತೆಗೆದುಕೊಳ್ಳುತ್ತಿದ್ದದ್ದು 200 ರೂಪಾಯಿ. ಚೌಕಿಪೇಟೆಯ ಕಡೆ ಅದಕ್ಕೆ 350 ಇತ್ತು. ಲೈನಿಂಗ್ ಬಟ್ಟೆ ಅವಳದೇ, 70 ರೂಪಾಯಿ. ದಾರ, ಹುಕ್ಕು, ಕ್ಯಾನ್‌ವಾಸ್ 15. ಕರೆಂಟು, ಮಷಿನ್ ಎಣ್ಣೆ ಎಲ್ಲ ಸೇರಿ 5 ಎಂದಿಟ್ಟುಕೊಂಡೆವು. ಉಳಿದದ್ದು 110. ಕತ್ತರಿಸಿ, ಹೊಲಿದು, ಕೈಹೊಲಿಗೆ ಹಾಕಿ, ಹುಕ್ಕು ಕೂರಿಸಿ ಮುಗಿಸುವುದಕ್ಕೆ ಮೂರು ಗಂಟೆ. ಎಂಟು ಗಂಟೆ ಬೆನ್ನು ಬಗ್ಗಿಸಿ ಕುಳಿತರೆ ಅವಳಿಗೆ ಸಿಗುವುದು 293 ರೂಪಾಯಿ. ಉದ್ಯೋಗ ಖಾತರಿಯಲ್ಲಿ ಮಣ್ಣು ಹೊರುವವರಿಗೆ ನಮ್ಮ ರಾಜ್ಯದಲ್ಲಿ 2025-26ಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370.

ಅವಳು ಕಾಗದವನ್ನು ಬಹಳ ಹೊತ್ತು ನೋಡಿದಳು. ‘ಮೂರು ಗಂಟೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರಾ ಅಣ್ಣಾ?’ ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬಟ್ಟೆಗೆ ಬೆಲೆಯಿದೆ, ಹುಕ್ಕಿಗೆ ಬೆಲೆಯಿದೆ, ತನ್ನ ಕೈಗೂ ಒಂದು ಬೆಲೆ ಇರಬಹುದು ಎನ್ನುವುದು ಮಾತ್ರ ಅವಳಿಗೆ ಹೊಸ ಸುದ್ದಿ. ದರ ಏಕೆ ಏರಿಸಿಲ್ಲ ಎಂದು ಕೇಳಿದೆ. ‘ಎಲ್ಲರೂ ಅಕ್ಕಪಕ್ಕದವರೇ. ಹಬ್ಬಕ್ಕೆ ಕುಂಕುಮಕ್ಕೆ ಕರೆಯುತ್ತಾರೆ. ಅವರ ಹತ್ತಿರ ಬಾಯಿ ಬಿಟ್ಟು ಹೇಗೆ ಕೇಳುವುದು?’

ಕೇಳಬೇಡ, ಬರೆದು ತೂಗುಹಾಕು ಎಂದೆ. ಹದಿನೈದು ದಿನ ಬಿಟ್ಟು ಅತ್ತ ಹೋದಾಗ ನೋಡಿದರೆ ಬೋರ್ಡು ನಿಜಕ್ಕೂ ಬಂದಿತ್ತು. ದುಂಡು ಅಕ್ಷರದಲ್ಲಿ ‘ಲೈನಿಂಗ್ ರವಿಕೆ 320’. ಅದರ ಮುಂದೆ, ಅಂಕೆ ಸರಿಯಾಗಿ ಮುಚ್ಚುವಂತೆ, ಕ್ಯಾಲೆಂಡರ್ ತೂಗುತ್ತಿತ್ತು. ಆ ಕ್ಯಾಲೆಂಡರ್ ಪಕ್ಕಕ್ಕೆ ಸರಿಯುವುದಕ್ಕೆ ಯುಗಾದಿಯೇ ಬರಬೇಕಾಯಿತು. ಎದುರು ಮನೆಯಾಕೆ ನಾಲ್ಕು ತಿಂಗಳು ಮಾತು ಬಿಟ್ಟರಂತೆ, ಆಮೇಲೆ ಮಗಳ ಮದುವೆಗೆ ಹನ್ನೊಂದು ರವಿಕೆ ತಂದುಕೊಟ್ಟರಂತೆ. ಎರಡನೆಯ ಮಷಿನ್ ಇನ್ನೂ ಬಂದಿಲ್ಲ. ‘ಈಗ ಒಂದೇ ಸಾಕು ಅನಿಸುತ್ತದೆ ಅಣ್ಣಾ’ ಎಂದಳು ಮೊನ್ನೆ.

ಇದಕ್ಕೆ ನಮ್ಮಲ್ಲಿರುವ ಹೆಸರು ದಾಕ್ಷಿಣ್ಯ. ಮರ್ಯಾದೆ, ನಾಚಿಕೆ, ಪ್ರೀತಿ, ‘ನಾಳೆ ಮುಖ ನೋಡಬೇಕಲ್ಲ’ ಎಂಬ ಅಂಜಿಕೆ, ಎಲ್ಲವೂ ಬೆರೆತ ಒಂದು ಪದಾರ್ಥ ಅದು. ದಾಕ್ಷಿಣ್ಯ ಇಲ್ಲದ ಮನುಷ್ಯನನ್ನು ಯಾರೂ ಮನೆಗೆ ಸೇರಿಸುವುದಿಲ್ಲ. ಹಾಗಾಗಿ ಅದನ್ನು ಬಿಟ್ಟುಬಿಡಿ ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ಕೊಸರನ್ನೇ ನೋಡಿ. ಸೊಪ್ಪಿನವಳು ಎರಡು ಕಟ್ಟು ಕೊಟ್ಟ ಮೇಲೆ ಮೇಲೊಂದಿಷ್ಟು ಕರಿಬೇವು ಹಾಕುತ್ತಾಳೆ. ಆ ನಾಲ್ಕು ಎಸಳು ಕರಿಬೇವಿಗಾಗಿಯೇ ನನ್ನ ಹೆಂಡತಿ ಹತ್ತಿರದ ಮಾಲ್ ಬಿಟ್ಟು ಅವಳ ಬುಟ್ಟಿಯ ಬಳಿಗೆ ಹೋಗುತ್ತಾಳೆ. ಆ ಕೊಸರು ಸೊಪ್ಪಿನವಳು ತಾನಾಗಿ ಕೊಟ್ಟದ್ದು. ಎಷ್ಟು ಕೊಟ್ಟೆ ಎಂದು ಅವಳಿಗೆ ಗೊತ್ತು. ರವಿಕೆಯವಳು ಪ್ರತಿ ರವಿಕೆಯ ಮೇಲೆ ಕೊಡುತ್ತಿದ್ದದ್ದು ನೂರೈವತ್ತು ರೂಪಾಯಿಯ ಕೊಸರು, ತಾನು ಕೊಡುತ್ತಿದ್ದೇನೆ ಎಂಬುದೇ ತಿಳಿಯದೆ.

ಇನ್ನು ಉದ್ರಿ. ಈ ಮಾತು ಬಂದ ಕೂಡಲೇ ಸಭೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು, ನನಗೂ ಕೇಳಿಸಿತು.

ಅಪ್ಪ ತೀರಿಕೊಂಡಾಗ ಅವರ ಉದ್ರಿ ಪುಸ್ತಕ ನನ್ನ ಪಾಲಿಗೆ ಬಂತು. ನೀಲಿ ಬಟ್ಟೆಯ ರಟ್ಟು, ಮೂಲೆಗಳಲ್ಲಿ ಬೆಲ್ಲದ ಅಂಟು. ಕೂಡಿ ನೋಡಿದರೆ 41,300 ರೂಪಾಯಿ ಬಾಕಿ. 1996ರಲ್ಲಿ ಅದು ನಮ್ಮ ಮನೆಗೆ ದೊಡ್ಡ ಮೊತ್ತ. ಬಾಕಿದಾರರ ಹೆಸರುಗಳನ್ನು ನೋಡಬೇಕಿತ್ತು: ‘ಮೂಲೆಮನೆ’, ‘ಕೆಂಪು ಸೈಕಲ್’, ‘ಹಾಲಿನವಳ ದೊಡ್ಡ ಮಗ’, ‘ಮೇಷ್ಟ್ರು (ಕನ್ನಡಕ)’. ತಾರೀಕು ಇಲ್ಲ, ಸಹಿ ಇಲ್ಲ. ಸಹಿ ಕೇಳಿದರೆ ನಂಬಿಕೆ ಇಲ್ಲವೇ ಎಂದುಕೊಳ್ಳುತ್ತಾರೆ ಎನ್ನುವುದು ಅಪ್ಪನ ಭಯ. ನಾನು ಮತ್ತು ಅಮ್ಮ ಮೂರು ಭಾನುವಾರ ಬೀದಿ ಬೀದಿ ಸುತ್ತಿದೆವು. ಗಿರಣಿಯಲ್ಲಿ ಕೆಲಸ ಮಾಡಿದವರು, ಹಮಾಲರು ಎರಡು ಮೂರು ಕಂತಿನಲ್ಲಿ ಕೊಟ್ಟು ತೀರಿಸಿದರು. ತಿಂಗಳ ಸಂಬಳದವರು, ಮನೆ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡಿದ್ದವರು, ‘ನಿಮ್ಮ ತಂದೆಯವರು ಇದ್ದಾಗಲೇ ಕೊಟ್ಟಿದ್ದೆನಲ್ಲ’ ಎಂದರು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ಅಮ್ಮನಿಗೆ ದುಡ್ಡು ಬರಲಿಲ್ಲ ಎನ್ನುವುದಕ್ಕಿಂತ ಅವರೆಲ್ಲ ಅಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಿದರಲ್ಲ ಎಂಬ ಸಂಕಟ.

ನಾನು ಬಹಳ ವರ್ಷ ಅಪ್ಪನನ್ನು ಪೆದ್ದ ಎಂದೇ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಊರಿನ ಹತ್ತಿಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಬಟವಾಡೆಯ ದಿನ ಉದ್ರಿ ತಾನಾಗಿ ತೀರುತ್ತಿತ್ತು. ಗಿರಣಿಯ ಸೈರನ್ ಅಪ್ಪನ ಗಡಿಯಾರವೂ ಹೌದು, ವಸೂಲಿದಾರನೂ ಹೌದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಅಪ್ಪ ಮಾತ್ರ ಸೈರನ್ ಕೂಗುತ್ತಿದೆ ಎಂಬಂತೆಯೇ ಬರೆಯುತ್ತ ಹೋದರು. ಉದ್ರಿ ಕೊಡುವುದು ತಪ್ಪಲ್ಲ. ಸೂಪರ್ ಮಾರ್ಕೆಟ್ ಯಾರ ಮುಖ ನೋಡಿಯೂ ಒಂದು ಕಿಲೋ ಸಕ್ಕರೆ ಬರೆದುಕೊಳ್ಳುವುದಿಲ್ಲ; ಸಣ್ಣ ಅಂಗಡಿಯ ಶಕ್ತಿಯೇ ಅದು. 2020ರ ಲಾಕ್‌ಡೌನಿನಲ್ಲಿ ಎಷ್ಟು ಬೀದಿಗಳು ಕಿರಾಣಿಯವನ ಪುಸ್ತಕದ ಮೇಲೆ ಊಟ ಮಾಡಿದವು ಎನ್ನುವುದನ್ನು ನೀವೇ ನೋಡಿದ್ದೀರಿ. ಆದರೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನೂರಕ್ಕೆ ಹತ್ತು ಉಳಿಯುವ ವ್ಯಾಪಾರದಲ್ಲಿ 500 ರೂಪಾಯಿಯ ಸಾಮಾನು ಉದ್ರಿ ಹೋಗಿ ಮುಳುಗಿತು ಎನ್ನಿ. ನಿಮ್ಮ ಕೈಯಿಂದ ಹೋದ ಅಸಲು 450. ಅದನ್ನು ತುಂಬಿಕೊಳ್ಳಬೇಕಾದರೆ 4,500 ರೂಪಾಯಿಯ ಸಾಮಾನನ್ನು ನಗದಿಗೆ ಮಾರಬೇಕು. ಒಬ್ಬ ‘ಕೆಂಪು ಸೈಕಲ್’ ಕೈಕೊಟ್ಟರೆ ಒಂಬತ್ತು ಒಳ್ಳೆಯ ಗಿರಾಕಿಗಳ ಲಾಭ ಅವನ ಬೆನ್ನಿಗೆ ಕಟ್ಟಿದಂತೆ.

‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಹಾಕಿಕೊಂಡವರು ಇಲ್ಲಿ ಎಷ್ಟೋ ಜನ ಇರಬಹುದು. ಅದನ್ನು ನಾನು ಜೋಕು ಎಂದುಕೊಳ್ಳುವುದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಗೋಡೆಯ ಕೈಯಲ್ಲಿ ಹೇಳಿಸುವ ಜಾಣತನ ಅದು. ಗೊತ್ತಿರುವ ಒಬ್ಬ ಕಿರಾಣಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪ್ರತಿ ಮನೆಗೂ ಒಂದು ಮಿತಿ. ಅದು ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಇರುತ್ತದೆ. ಮುಟ್ಟಿದಾಗ ಅವರು ಏನೂ ಹೇಳುವುದಿಲ್ಲ, ಪುಸ್ತಕವನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಡುತ್ತಾರೆ, ತಾವು ಬೇಳೆ ಕಟ್ಟುತ್ತ ನಿಲ್ಲುತ್ತಾರೆ. ಜಗಳವಿಲ್ಲ.

ಲಕ್ಷ್ಮಿಯ ಬಗ್ಗೆಯೂ ಎರಡು ಮಾತು. ಬೋಣಿಯ ಹೊತ್ತಿನಲ್ಲಿ ಚೌಕಾಸಿ ಮಾಡಬಾರದು, ದೀಪ ಹಚ್ಚಿದ ಮೇಲೆ ದುಡ್ಡು ಹೊರಗೆ ಕೊಡಬಾರದು, ಮಂಗಳವಾರ ಶುಕ್ರವಾರ ಗಲ್ಲಾದಿಂದ ಸಾಲ ಹೋಗಬಾರದು. ಓದಿದವರು ಇದನ್ನು ಮೂಢನಂಬಿಕೆ ಎನ್ನುತ್ತಾರೆ. ನಾನು ಅಷ್ಟು ಬೇಗ ಹಾಗೆನ್ನುವುದಿಲ್ಲ. ದಾಕ್ಷಿಣ್ಯದ ಮನುಷ್ಯನಿಗೆ ‘ಇಲ್ಲ’ ಎನ್ನಲು ಹಿರಿಯರು ಮಾಡಿಕೊಟ್ಟ ಸಭ್ಯ ನೆಪಗಳು ಅವು. ‘ಇವತ್ತು ಶುಕ್ರವಾರ ಕಣಪ್ಪಾ’ ಎಂದರೆ ಯಾರಿಗೂ ಬೇಸರವಿಲ್ಲ. ನನ್ನ ತಕರಾರು ಬೇರೆ ಕಡೆ. ದೀಪಾವಳಿ ಅಮಾವಾಸ್ಯೆಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಅದೇ ಪುಸ್ತಕವನ್ನು ಮಾರ್ಚಿಯಲ್ಲಿ ನನ್ನ ಬಳಿ ತಂದಾಗ ಕುಂಕುಮ ಹಚ್ಚಿದ ಪುಟದ ನಂತರ ನಾಲ್ಕೇ ಪುಟ ತುಂಬಿರುತ್ತವೆ. ಕಿರ್ದಿ, ಅಂದರೆ ದಿನದ ಜಮಾಖರ್ಚು ಬರೆಯುವುದು, ರಾತ್ರಿ ಬಾಗಿಲು ಹಾಕುವ ಮುನ್ನ ಕೈಯಲ್ಲಿ ಉಳಿದ ನಗದು ಶಿಲ್ಕು ಎಣಿಸಿ ತಾಳೆ ನೋಡುವುದು ಹಳೆಯ ಮಂಡಿಯವರಿಗೆ ನಿತ್ಯಕರ್ಮವಾಗಿತ್ತು. ಐದು ರೂಪಾಯಿ ವ್ಯತ್ಯಾಸ ಬಂದರೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ಈಗ ಮೊಬೈಲು ಎಲ್ಲವನ್ನೂ ಎಣಿಸಿಕೊಡುತ್ತದೆ, ಆದ್ದರಿಂದ ಯಾರೂ ಎಣಿಸುವುದಿಲ್ಲ.

ಗಲ್ಲಾಕ್ಕೂ ಮನೆಗೂ ನಡುವೆ ಗೋಡೆ ಇಲ್ಲದಿರುವುದು ನಮ್ಮ ದೊಡ್ಡ ರೋಗ. ಹಾಲಿನವನು ಬಂದರೆ ಗಲ್ಲಾ, ಗ್ಯಾಸ್ ಬಂದರೆ ಗಲ್ಲಾ, ನೆಂಟರ ಮದುವೆಯ ಮುಯ್ಯಿಗೂ ಗಲ್ಲಾ. ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುವುದು ಮನೆಯಾಕೆ. ಅವಳಿಗೆ ಸಂಬಳ ಎಷ್ಟು ಎಂದು ನಾನು ಕೇಳಿದರೆ ಎಲ್ಲರೂ ನಗುತ್ತಾರೆ. ನಿಮಗೆ ಸಂಬಳ ಎಷ್ಟು ಎಂದರೆ ನಗುವುದನ್ನು ನಿಲ್ಲಿಸುತ್ತಾರೆ. ಇಬ್ಬರು ಆಳುಗಳ ಕೂಲಿ ಕಳೆದು ನೋಡಿದರೆ ನಾನು ಲೆಕ್ಕ ಬರೆಯುವ ಅಂಗಡಿಗಳಲ್ಲಿ ಹಲವು ನಷ್ಟದಲ್ಲಿವೆ. ಮಗ ಅಂಗಡಿಗೆ ಬರುವುದಿಲ್ಲ, ಬೆಂಗಳೂರಿನಲ್ಲಿ ಹದಿನೆಂಟು ಸಾವಿರಕ್ಕೆ ದುಡಿಯುತ್ತಾನೆ ಎಂದು ಗೊಣಗುತ್ತೀರಲ್ಲ, ಅವನು ಹುಟ್ಟಿದಾಗಿನಿಂದ ನೋಡಿದ್ದು ಒಂದನೇ ತಾರೀಕು ಇಲ್ಲದ ಅಪ್ಪನನ್ನು.

ಈ ರೋಗಕ್ಕೆ ನಮ್ಮ ನಾಡಿನಲ್ಲೇ ಒಂದು ಮದ್ದು ಹುಟ್ಟಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ. ಅವರಿಗೆ ಕೈಹಿಡಿಯಲು ಒಂದು ಆಸರೆ ಬೇಕಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವನೇ ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಪಿಗ್ಮಿಯ ಬಡ್ಡಿ ಎಂದೂ ದೊಡ್ಡದಲ್ಲ. ಅದರ ಗುಟ್ಟು ಇರುವುದು ಸಂಜೆಯ ಹೊತ್ತಿನಲ್ಲಿ. ದುಡ್ಡು ಗಲ್ಲಾದಿಂದ ಮನೆಗೆ ಹೊರಡುವ ಮುನ್ನ ಒಬ್ಬ ಪರಿಚಯದ ಮನುಷ್ಯ ಸೈಕಲ್ ನಿಲ್ಲಿಸಿ, ‘ಏನು ಸಾಹುಕಾರರೇ’ ಎಂದು ಕೈ ಚಾಚುತ್ತಾನೆ. ಅವನ ಮುಂದೆ ಇವತ್ತು ಇಲ್ಲ ಎನ್ನುವುದಕ್ಕೆ ನಾಚಿಕೆ. ನಮ್ಮನ್ನು ಮುಳುಗಿಸುವ ಅದೇ ದಾಕ್ಷಿಣ್ಯವನ್ನು ಉಳಿತಾಯದ ನೊಗಕ್ಕೆ ಕಟ್ಟಿದರು. ಮನುಷ್ಯರ ಸ್ವಭಾವ ಬಲ್ಲ ಯಾರೋ ಕುಳಿತು ಯೋಚಿಸಿದ್ದು ಅದು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಮನೆಯೊಳಗೆ ಅದೇ ಕೆಲಸ ಮಾಡಿದ್ದು ಸಾಸಿವೆ ಡಬ್ಬಿ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾದಾಗ ಎಷ್ಟು ಮನೆಗಳಲ್ಲಿ ಆ ಡಬ್ಬಿ ಗಂಡನ ಮುಂದೆ ತೆರೆದುಕೊಂಡಿತು! ನಮ್ಮ ಮನೆಯಲ್ಲಿ ಹೊರಬಂದದ್ದು ಇಪ್ಪತ್ತಾರು ಸಾವಿರ. ಲೆಕ್ಕ ಬರೆಯುವವನು ನಾನು, ಉಳಿಸಿದವಳು ಅವಳು.

ಸಾಲದ ವಿಷಯವನ್ನು ಬೇಗ ಮುಗಿಸುತ್ತೇನೆ, ನಿಮಗೆ ಹೊಸದೇನೂ ಅಲ್ಲ. ನೂರು ದಿನದ ಸಾಲ ಎಂದು ಒಂದಿದೆ. ಹತ್ತು ಸಾವಿರ ಬರೆಸಿಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾನೆ. ದಿನಕ್ಕೆ ನೂರರಂತೆ ನೂರು ದಿನ ಬಂದು ಒಯ್ಯುತ್ತಾನೆ. ‘ಸಾವಿರ ರೂಪಾಯಿ ತಾನೇ’ ಎನ್ನುತ್ತೀರಿ. ದಿನದಿನಕ್ಕೆ ಅಸಲು ಕರಗುತ್ತಿರುವುದರಿಂದ ಸರಾಸರಿ ನಿಮ್ಮ ಬಳಿ ಇದ್ದದ್ದು ನಾಲ್ಕೂವರೆ ಸಾವಿರ. ವರ್ಷಕ್ಕೆ ಹಾಕಿ ನೋಡಿದರೆ ಬಡ್ಡಿ ನೂರಕ್ಕೆ ಎಂಬತ್ತರ ಆಸುಪಾಸು. ಅಡಮಾನವಿಲ್ಲದೆ 50,000ದವರೆಗೆ ಕೊಡುವ ಮುದ್ರಾ ಯೋಜನೆಯ ಶಿಶು ಸಾಲ 2015ರಿಂದ ಇದೆ. ಅದನ್ನು ಬಿಟ್ಟು ಇಲ್ಲಿಗೆ ಏಕೆ ಬರುತ್ತೀರಿ ಎಂದರೆ, ಬ್ಯಾಂಕಿನವರು ಅಲೆದಾಡಿಸುತ್ತಾರೆ ಎನ್ನುವುದು ಒಂದು ಕಾರಣ, ಅದು ನಿಜ. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಬ್ಯಾಂಕು ಲೆಕ್ಕ ಕೇಳುತ್ತದೆ, ಬಡ್ಡಿಯವನು ಏನೂ ಕೇಳುವುದಿಲ್ಲ. ಪ್ರಶ್ನೆ ಕೇಳಿಸಿಕೊಳ್ಳದೆ ಇರುವುದಕ್ಕೆ ನಾವು ಕೊಡುತ್ತಿರುವ ಬೆಲೆ ನೂರಕ್ಕೆ ಎಂಬತ್ತು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಕಿರುಕುಳವಾಗಿದೆ ಎಂದು ಹೇಳಿಕೊಳ್ಳುವುದಕ್ಕೂ ಬಾಯಿ ಬೇಕಲ್ಲ.

ಸಣ್ಣ ಕಾರ್ಖಾನೆ ಇಟ್ಟುಕೊಂಡವರು ನಾಲ್ಕು ಜನ ಹಿಂದೆ ಕುಳಿತಿದ್ದೀರಿ. ದೊಡ್ಡ ಕಂಪನಿಗೆ ಮಾಲು ಕೊಟ್ಟು ಆರು ತಿಂಗಳು ದುಡ್ಡಿಗೆ ಕಾಯುತ್ತೀರಿ. 2006ರ ಕಾನೂನಿನ ಪ್ರಕಾರ ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ನಿಮಗೆ ಗೊತ್ತು. ಬಡ್ಡಿ ಕೇಳಿ ಒಂದು ಪತ್ರವನ್ನಾದರೂ ಬರೆದಿದ್ದೀರಾ? ‘ಸಂಬಂಧ ಕೆಡುತ್ತದೆ ಸರ್.’ ಕಂಪನಿಯ ಖರೀದಿ ವಿಭಾಗಕ್ಕೂ ನಿಮಗೂ ಸಂಬಂಧ! ಕುಂಕುಮಕ್ಕೆ ಕರೆಯುವ ಎದುರು ಮನೆಯವರ ಮುಂದೆ ಇರಬೇಕಾದ ದಾಕ್ಷಿಣ್ಯವನ್ನು ಅವರ ಮುಂದೆಯೂ ಇಟ್ಟುಕೊಂಡಿದ್ದೀರಿ.

ಕೊನೆಗೆ ಹೋದ ವರ್ಷದ ಗಲಾಟೆ. 2025ರ ಜುಲೈ ನೆನಪಿದೆಯಲ್ಲ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸು ಬಂತು. ಬೆಂಗಳೂರಿನಲ್ಲಿ ಕ್ಯೂಆರ್ ಚೀಟಿ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದರು. ನನ್ನ ಬಳಿಗೂ ಒಬ್ಬರು ಬಂದರು. ಕಾಂಡಿಮೆಂಟ್ಸ್ ಅಂಗಡಿ, ಅರವತ್ತರ ಹತ್ತಿರದ ವಯಸ್ಸು. ನೋಟಿಸು ಹಿಡಿದ ಕೈ ನಡುಗುತ್ತಿತ್ತು. ‘ಇಷ್ಟು ದುಡ್ಡನ್ನು ನಾನು ಕಣ್ಣಿನಲ್ಲಿ ನೋಡಿಲ್ಲ ಸ್ವಾಮಿ’ ಎಂದರು.

ಇಬ್ಬರೂ ಕುಳಿತು ನಾಲ್ಕು ದಿನ ಬಿಡಿಸಿದೆವು. ಒಂದೇ ಕ್ಯೂಆರ್‌ನೊಳಗೆ ಎಲ್ಲ ಬಂದು ಬಿದ್ದಿತ್ತು. ಚೀಟಿ ಎತ್ತಿದ ಹಣ, ತಂಗಿ ತೀರಿಸಿದ ಕೈಗಡ, ಮಗಳ ಮದುವೆ ಛತ್ರಕ್ಕೆಂದು ತಮ್ಮ ಕಳಿಸಿದ್ದು. ಗಲ್ಲಾಕ್ಕೂ ಮನೆಗೂ ಗೋಡೆ ಇಲ್ಲ ಎಂದೆನಲ್ಲ, ಅದೇ ರೋಗ ಮೊಬೈಲಿಗೆ ಹತ್ತಿಕೊಂಡಿತ್ತು. ಅವೆಲ್ಲವನ್ನೂ ಕಳೆದ ಮೇಲೂ ವರ್ಷದ ವ್ಯಾಪಾರ 46 ಲಕ್ಷ ನಿಂತಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಗಡಿ 40 ಲಕ್ಷ. ದಿನಕ್ಕೆ ಹನ್ನೊಂದು ಸಾವಿರ ವ್ಯಾಪಾರವಾದರೆ ಮುಟ್ಟುವ ಗಡಿ ಅದು. ಬಿಸ್ಕತ್ತು, ತಂಪು ಪಾನೀಯ ಮಾರುವ ಒಂದು ಮೂಲೆ ಅಂಗಡಿಗೆ ದೂರದ ಮಾತಲ್ಲ. ಬರಿ ಹಾಲು, ತಾಜಾ ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ಈ ಗೋಜಿಲ್ಲ. ಉಳಿದವರಿಗೆ ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ. ವ್ಯಾಪಾರಿಗೆ ನೂರು ರೂಪಾಯಿಯ ಮಾರಾಟಕ್ಕೆ ಒಂದು ರೂಪಾಯಿ. ಮೊದಲೇ ಆ ಪದ್ಧತಿಗೆ ಬಂದಿದ್ದರೆ ಅವರು ಇಷ್ಟು ನಡುಗಬೇಕಾಗಿರಲಿಲ್ಲ. ಬರದೆ ಇದ್ದದ್ದು ಕಳ್ಳತನದಿಂದಲೇ ಎಂದು ನನಗೆ ಅನಿಸುವುದಿಲ್ಲ. ನಮ್ಮಲ್ಲಿ ಗಳಿಕೆ ಎಷ್ಟೆಂದು ಹೇಳಿಕೊಂಡರೆ ದೃಷ್ಟಿ ತಾಗುತ್ತದೆ. ಅಂಗಡಿ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ಬೀದಿಯವರ ಕಣ್ಣಿಗೆ ಮಾತ್ರವಲ್ಲ, ನಮ್ಮದೇ ಕಣ್ಣಿಗೂ ಎಂದು ಕಾಣುತ್ತದೆ.

46 ಲಕ್ಷದ ಕೆಳಗೆ ಗೆರೆ ಎಳೆದು, ಖರ್ಚು ಕಳೆದು, ನಿವ್ವಳ ತೋರಿಸಿದೆ. ವರ್ಷಕ್ಕೆ 3 ಲಕ್ಷ 10 ಸಾವಿರ. ಆ ಹಿರಿಯರು ಕೆಳಗಿನ ಅಂಕೆಯನ್ನು ನೋಡಲೇ ಇಲ್ಲ. ಮೇಲಿನದರ ಮೇಲೆ ಬೆರಳಿಟ್ಟು, ‘ನನ್ನ ಅಂಗಡಿ ಇಷ್ಟು ದೊಡ್ಡದೇ?’ ಎಂದರು. ಮೂವತ್ತು ವರ್ಷ ಅದರೊಳಗೆ ನಿಂತಿದ್ದವರು ಅವರು. ಹೆದರಿಕೆಯ ನಡುವೆಯೂ ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ನನ್ನ ಮಾತು ಇಲ್ಲಿಗೆ ಸಾಕು ಎಂದು ಮೈಕು ಇಟ್ಟ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಜಿಎಸ್‌ಟಿಯ ಬಗ್ಗೆ; ಅವನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನು ಮಾತ್ರ ಬಿಡಲಾಗದು. ಹಿಂದಿನ ಸಾಲಿನಿಂದ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಎದ್ದು ನಿಂತರು. ಭಾವಮೈದುನ ಮನೆ ಕಟ್ಟುವಾಗ ಒಯ್ದ ಸಿಮೆಂಟು, ಕಬ್ಬಿಣದ ಬಾಕಿ 22,000, ಎರಡು ವರ್ಷವಾಯಿತು, ಹೇಗೆ ಕೇಳಲಿ ಎಂದರು.

‘ನೀವು ಕೇಳಬೇಡಿ. ಅಂಗಡಿ ಕೇಳಲಿ’ ಎಂದೆ. ‘ಪ್ರತಿ ತಿಂಗಳ ಕೊನೆಗೆ ಬಾಕಿ ಇರುವ ಎಲ್ಲರಿಗೂ ಅಚ್ಚಾದ ಲೆಕ್ಕದ ಚೀಟಿ ಹೋಗಲಿ, ಅದರಲ್ಲಿ ಅವರದೂ ಒಂದು. ಅದು ನಿಮ್ಮ ಮಾತಾಗುವುದಿಲ್ಲ, ಅಂಗಡಿಯ ಪದ್ಧತಿಯಾಗುತ್ತದೆ.’

‘ಚೀಟಿ ಆಗಲೇ ಹೋಗುತ್ತದೆ ಸರ್’ ಎಂದರು. ‘ಎಲ್ಲರಿಗೂ ತಪ್ಪದೆ ಹೋಗುತ್ತದೆ. ಆದರೆ ಅಂಗಡಿಯಲ್ಲಿ ಚೀಟಿ ಬರೆಯುವವಳು ನನ್ನ ಹೆಂಡತಿ.’

ಸಭೆ ಗೊಳ್ಳೆಂದಿತು. ಉತ್ತರ ಹುಡುಕುತ್ತ ನಾನು ನೀರು ಕುಡಿದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಎದ್ದು, ಮಂಡಕ್ಕಿ ಮಿರ್ಚಿ ಆರಿಹೋಗುತ್ತಿದೆ, ಉಳಿದ ಪ್ರಶ್ನೆಗಳು ಅಲ್ಲೇ ಆಗಲಿ ಎಂದರು.